ಭಾನುವಾರದ ತಾಮ್ರ

ಮನೆ ಬಿಟ್ಟು ಅತ್ತೆ ಹೋದ ದಿನ ಮಾವ ಅದನ್ನು ಸಣ್ಣ ಇಳಿತ ಎಂದು ಕರೆದರು.

“ಇದು ಟ್ರೆಂಡ್ ಅಲ್ಲಮ್ಮಾ, ಬರೀ ಕರೆಕ್ಷನ್ನು. ನಾಡಿದ್ದರೊಳಗೆ ವಾಪಸ್ ಬರ್ತಾಳೆ ನೋಡು,” ಎಂದು ಪೆನ್ಸಿಲ್ ಚೂಪು ಮಾಡತೊಡಗಿದರು.

ನಾಡಿದ್ದು ಬಂತು. ಅತ್ತೆ ಬರಲಿಲ್ಲ. ಮಾವ ಇನ್ನೊಂದು ನಾಡಿದ್ದು ಹೇಳಿದರು.

ಅವರ ಕಸುಬೇ ಅದು. ಷೇರು ಸೂಚ್ಯಂಕ, ಚಿನ್ನ, ಬೆಳ್ಳಿ, ಕಚ್ಚಾ ತೈಲ, ತಾಮ್ರ, ಹತ್ತಿ ಇವುಗಳ ವಾಯಿದೆ ವ್ಯಾಪಾರ ಮಾಡುವವರಿಗೆ ಅವರು ದಿನಾ ಬೆಳಿಗ್ಗೆ ಒಂದು ಪತ್ರ ಕಳುಹಿಸುತ್ತಾರೆ. ಬೆಲೆ ಬಿದ್ದರೆ ಎಲ್ಲಿಂದ ಪುಟಿದೇಳುತ್ತದೆ, ಏರಿದರೆ ಎಲ್ಲಿ ತಲೆ ಬಡಿದುಕೊಳ್ಳುತ್ತದೆ, ಎಷ್ಟಕ್ಕೆ ಇಳಿದರೆ ಕೈ ತೊಳೆದುಕೊಂಡು ಹೊರಗೆ ಬರಬೇಕು, ಇಷ್ಟೇ ಅದರಲ್ಲಿರುವುದು. ನಾಳೆಯ ಮಾತು, ಹೆಚ್ಚೆಂದರೆ ನಾಡಿದ್ದಿನದು. ಅದರಾಚೆಗೆ ಬಾಯಿ ಬಿಡುವುದಿಲ್ಲ. ಚಂದಾದಾರರು ಅವರನ್ನು ನಾಡಿದ್ದು ಮೇಷ್ಟ್ರು ಎನ್ನುತ್ತಾರೆ. ಎದುರಿಗೆ ಬರೀ ಮೇಷ್ಟ್ರು.

ಮನೆಯ ಮುಂದಿನ ಕೋಣೆಯೇ ಕಚೇರಿ. ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದೆ. ಅದಕ್ಕೆ ಕ್ಲಿಪ್ಪು ಸಿಕ್ಕಿಸಿ ಗ್ರಾಫ್ ಹಾಳೆಗಳನ್ನು ತೂಗುಹಾಕಿದ್ದಾರೆ. ಕಿಟಕಿ ತೆರೆದರೆ ಚಿನ್ನ, ಬೆಳ್ಳಿ ಎಲ್ಲವೂ ಒಟ್ಟಿಗೆ ಪಟಪಟ ಹೊಡೆದುಕೊಳ್ಳುತ್ತವೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಈ ಚಿತ್ರಗಳೆಲ್ಲ ತಾವಾಗಿ ಬರುತ್ತವೆ ಎಂಬುದು ಮಾವನಿಗೆ ಗೊತ್ತಿಲ್ಲದ್ದೇನಲ್ಲ. “ಯಂತ್ರ ಎಳೆದ ಗೆರೆಗೆ ಮಾರುಕಟ್ಟೆ ಕವಡೆ ಕಿಮ್ಮತ್ತೂ ಕೊಡಲ್ಲ,” ಎನ್ನುತ್ತಾರೆ. ಅವರ ಕೈಯ ಗೆರೆಗೆ ಎಷ್ಟು ಕೊಡುತ್ತದೆ ಎಂದು ಯಾರೂ ಕೇಳಿಲ್ಲ.

ನಾನು ಅವರ ಸೊಸೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದ್ದೇನೆ. ಇಲ್ಲಿ ಹಾಳೆಗಳ ಫೋಟೊ ತೆಗೆದು, ಮಾವ ಹೇಳಿದ್ದನ್ನು ಟೈಪ್ ಮಾಡಿ, ಎಲ್ಲರಿಗೂ ಕಳುಹಿಸುತ್ತೇನೆ. ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದೇ ಹಿತ.

ಮಾವನ ಶಾಸ್ತ್ರದಲ್ಲಿ ಕಾರಣ ಕೇಳುವುದು ಮಹಾಪರಾಧ. ಎಲ್ಲೋ ಯುದ್ಧವಾಯಿತು, ಯಾವುದೋ ಗಣಿ ಕುಸಿಯಿತು, ಯಾವುದೋ ಮಂತ್ರಿ ಸೀನಿದ, ಇವೆಲ್ಲವೂ ಬೆಲೆಯೊಳಗೆ ಆಗಲೇ ಸೇರಿಹೋಗಿರುತ್ತವಂತೆ. ಬೆಲೆಯನ್ನು ನೋಡಿದರೆ ಸಾಕು. ಕಾರಣ ಕೇಳಿದವನ ಕೈ ನಡುಗುತ್ತದೆ, ಕೈ ನಡುಗಿದರೆ ಗೆರೆ ಸೊಟ್ಟಗಾಗುತ್ತದೆ. ಅದಕ್ಕೇ ಮನೆಗೆ ಬರುವ ಪತ್ರಿಕೆಯನ್ನು ಮೊದಲು ಅತ್ತೆ ಓದಿ, ಪದಬಂಧ ಇರುವ ಹಾಳೆಯನ್ನು ಮಾತ್ರ ಅವರಿಗೆ ಕೊಡುತ್ತಿದ್ದರು. ಒಮ್ಮೆ ಅಡುಗೆಮನೆಯಲ್ಲಿ ಪರದೆಗೆ ಬೆಂಕಿ ಹತ್ತಿತು.

“ರೀ, ಹೊಗೆ ಬರ್ತಿದೆ!” ಎಂದು ಅತ್ತೆ ಕೂಗಿದರು.

“ಯಾಕೆ ಅಂತ ಹೇಳ್ಬೇಡ,” ಎಂದರು ಮಾವ ಕೂತಲ್ಲಿಂದಲೇ. “ಹೆಚ್ತಾ ಇದೆಯೋ, ಕಮ್ಮಿ ಆಗ್ತಾ ಇದೆಯೋ ಅಷ್ಟು ಹೇಳು.”

ಅತ್ತೆ ಅರ್ಧ ಬಕೆಟ್ ನೀರು ಪರದೆಗೆ ಎರಚಿದರು, ಉಳಿದರ್ಧ ಮಾವನಿಗೆ. ಹತ್ತಿಯ ಹಾಳೆ ಅವತ್ತು ನೆನೆದು ಹೋಯಿತು.

ಹಾಳೆಗಳ ವಿಷಯದಲ್ಲೂ ಕಟ್ಟುನಿಟ್ಟುಗಳಿವೆ. ಮುಂಭಾಗದಲ್ಲಿ ಯಾವ ಸರಕು ಎಂದು ಬರೆಯುವಂತಿಲ್ಲ. ಹೆಸರು ಕಂಡರೆ ಮನಸ್ಸು ಪಕ್ಷಪಾತ ಮಾಡುತ್ತದಂತೆ. ಚಿನ್ನ ಎಂದ ಕೂಡಲೇ ಏರಲಿ ಅನ್ನಿಸುತ್ತದಂತೆ. ಹೆಸರು ಹಿಂಭಾಗದಲ್ಲಿ. ತಾಮ್ರಕ್ಕೆ ಮಾತ್ರ ಅದೂ ಇಲ್ಲ. ಮಾವ ಕಸುಬು ಶುರು ಮಾಡಿದಾಗ ತಾಮ್ರ ಒಂದೇ ಇತ್ತು, ಹೆಸರು ಬರೆಯುವ ಅಗತ್ಯವಿರಲಿಲ್ಲ. ಆ ಪದ್ಧತಿ ಹಾಗೇ ಉಳಿಯಿತು. ಹಿಂದೆ ಖಾಲಿ ಇದ್ದರೆ ತಾಮ್ರ. ಬೆಳಿಗ್ಗೆ ಮಾವ ಕನ್ನಡಕ ತೆಗೆದಿಟ್ಟು, ಕೋಣೆಯ ಆಚೆ ಮೂಲೆಯಲ್ಲಿ ನಿಂತು ಹಾಳೆಗಳನ್ನು ನೋಡುತ್ತಾರೆ. ಸಣ್ಣಪುಟ್ಟ ಏರಿಳಿತ ಕಣ್ಣಿಗೆ ಬೀಳಬಾರದು, ಒಟ್ಟು ಆಕಾರ ಕಾಣಬೇಕು ಎಂಬುದು ಲೆಕ್ಕ. ಗೆರೆಗಳ ತುದಿಯಲ್ಲಿ ಬರೆದ ಅಂಕಿಗಳನ್ನು ನಾನು ಓದಿ ಹೇಳುತ್ತೇನೆ.

ಮೊದಲು ಪತ್ರದ ಕೊನೆಗೆ ‘ದೂರದ ನೋಟ’ ಎಂಬ ಒಂದು ಪ್ಯಾರಾ ಇರುತ್ತಿತ್ತು. ಆರು ತಿಂಗಳು, ಒಂದು ವರ್ಷದ ಮಾತು. ಅದನ್ನು ನನ್ನ ಗಂಡ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಾವ ಆ ಪ್ಯಾರಾ ತೆಗೆದುಹಾಕಿದರು. ಚಂದಾದಾರರು ಯಾರೂ ಯಾಕೆಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾಡಿದ್ದಿನವರೆಗೆ ಮಾತ್ರ ನೋಡುವ ಮನೆಯಲ್ಲಿ ಇರುವುದು ಕಷ್ಟವಲ್ಲ.

ಅತ್ತೆಗೆ ಕಷ್ಟವಾಯಿತು.

“ಮುಂದಿನ ತಿಂಗಳ ಕೊನೆಗೆ ಸಮುದ್ರ ನೋಡೋಕೆ ಹೋಗೋಣ್ವಾ? ನಾವು ಮೂರೂ ಜನ,” ಎಂದು ಒಂದು ಸಂಜೆ ಕೇಳಿದರು. “ರೈಲಿಗೆ ಈಗ್ಲೇ ಟಿಕೆಟ್ ಮಾಡಿಸ್ಬೇಕು.”

“ಮುಂದಿನ ತಿಂಗಳ ಬಗ್ಗೆ ನನ್ನ ಹತ್ರ ಅಭಿಪ್ರಾಯ ಇಲ್ಲ,” ಎಂದರು ಮಾವ.

“ಅಭಿಪ್ರಾಯ ಯಾರು ಕೇಳಿದ್ರು? ಬರ್ತೀರೋ ಇಲ್ವೋ?”

“ನಾಡಿದ್ದು ಅಂದ್ರೆ ಹೇಳು, ಯೋಚ್ನೆ ಮಾಡ್ತೀನಿ.”

“ನಾಡಿದ್ದಿಗೆ ರೈಲಲ್ಲಿ ಜಾಗ ಎಲ್ರೀ ಸಿಗುತ್ತೆ?”

“ಅಷ್ಟಕ್ಕೂ ಸಮುದ್ರದಲ್ಲಿ ನೋಡೋಕೆ ಏನಿದೆ?”

“ಒಂದೇ ಒಂದು ಗೆರೆ ಇದೆ. ಅದೂ ನೀವು ಎಳೆದಿದ್ದಲ್ಲ. ಅದಕ್ಕೇ ನೋಡ್ಬೇಕು ನಂಗೆ.”

ಮಾವ ತೈಲದ ಹಾಳೆಯ ಕಡೆ ತಿರುಗಿದರು. ಅತ್ತೆ ಚೀಲ ತುಂಬಿಕೊಂಡರು. ಹೊರಡುವಾಗ ಹಗ್ಗದ ಮೇಲಿದ್ದ ಒಳ್ಳೆಯ ಕ್ಲಿಪ್ಪುಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡರು. ಕ್ಲಿಪ್ಪುಗಳು ಅವರವೇ. ಅವುಗಳನ್ನು ಬೆಳ್ಳಿ, ಬಂಗಾರ ಆಕ್ರಮಿಸಿಕೊಂಡ ಮೇಲೆ ಅತ್ತೆಯ ಒದ್ದೆ ಬಟ್ಟೆಗಳು ಗಾಳಿಗೆ ಹಾರಿ ಪಕ್ಕದ ಮನೆಯ ನೀರಿನ ತೊಟ್ಟಿಯ ಮೇಲೆ ಒಣಗುತ್ತಿದ್ದವು. ಮುರುಕಲು ಕ್ಲಿಪ್ಪುಗಳನ್ನಷ್ಟೇ ಬಿಟ್ಟು, ಅತ್ತೆ ತಮ್ಮನ ಮನೆಗೆ ಹೋದರು. ಆ ತಮ್ಮ ಹಲ್ಲಿನ ಡಾಕ್ಟರು. ಊರಿನ ಆಚೆ ತುದಿಯಲ್ಲಿ ಅವರ ಮನೆ.

ಮಾವನಿಗೆ ಅವರು ಯಾಕೆ ಹೋದರೆಂದು ಗೊತ್ತಿರಲಿಲ್ಲ. ಎದುರಿಗೇ ನಡೆದದ್ದು, ಆದರೂ ಗೊತ್ತಿರಲಿಲ್ಲ.

“ಮಾವ, ಅತ್ತೆ ಹೋಗಿದ್ದು ಯಾಕಂದ್ರೆ...” ಎಂದು ನಾನು ಒಂದೆರಡು ಸಲ ಬಾಯಿ ತೆರೆದೆ.

“ಕಾರಣ ಬೇಡಮ್ಮಾ,” ಎಂದು ಎರಡೂ ಕಿವಿ ಮುಚ್ಚಿಕೊಂಡರು. “ಫೋನ್ ಬರುತ್ತಲ್ಲ, ಅದು ಸಾಕು.”

ಫೋನ್ ದಿನಾ ಸಂಜೆ ಬರುತ್ತಿತ್ತು. ಅತ್ತೆ ಮೊದಲು ನನ್ನ ಹತ್ತಿರ ಮಾತಾಡುತ್ತಿದ್ದರು. ಆಮೇಲೆ, “ಎಲ್ಲಿ, ಕೊಡು ಆ ಮನುಷ್ಯನಿಗೆ,” ಎನ್ನುತ್ತಿದ್ದರು. ಮಾವ ರಿಸೀವರ್ ಹಿಡಿಯುವ ಮೊದಲು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರು ಹೇಳುತ್ತಿದ್ದದ್ದು “ಹೂಂ” ಮತ್ತು “ಮಾತ್ರೆ ತಗೊಂಡೆ.” ಉಳಿದದ್ದೆಲ್ಲ ಅತ್ತೆಯದು. ಮುಗಿದ ಕೂಡಲೇ ಮಾವ ಡ್ರಾಯರ್ ಎಳೆದು, ಒಂದು ಹಾಳೆ ಹೊರಗೆ ತೆಗೆದು, ಅತ್ತೆ ಎಷ್ಟು ನಿಮಿಷ ಮಾತಾಡಿದರು ಎಂಬುದನ್ನು ಕಡ್ಡಿ ಕಡ್ಡಿಯಾಗಿ ಗುರುತು ಹಾಕುತ್ತಿದ್ದರು. ಅಡಿಯಲ್ಲಿ ಸೋ, ಮಂ, ಬು ಎಂದು ವಾರಗಳು. ಅದರಡಿಗೆ, ಮಾತಿನ ಜೋರು ಎಷ್ಟಿತ್ತು ಎಂದು ಇನ್ನೊಂದು ಸಾಲು. ಮಾರುಕಟ್ಟೆಯಲ್ಲಿ ಬರೀ ಬೆಲೆ ಏರಿದರೆ ಸಾಲದು, ಜನ ಎಷ್ಟು ಉಮೇದಿನಿಂದ ಕೊಂಡರು ಎಂಬುದೂ ಮುಖ್ಯವಂತೆ.

ಒಂದು ಭಾನುವಾರ ಅತ್ತೆ ಕ್ಲಿಪ್ಪಿನ ವಿಷಯ ತೆಗೆದರು. ಅಲ್ಲಿಂದ ಪರದೆಗೆ ಹೋದರು, ಪರದೆಯಿಂದ ಮದುವೆಯ ದಿನಕ್ಕೆ. ಮಾವ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಗಡಿಯಾರವನ್ನೇ ನೋಡುತ್ತ, ಮುಖವರಳಿಸಿಕೊಂಡು ನಿಂತಿದ್ದರು.

“ಹನ್ನೊಂದು ನಿಮಿಷ ಬೈದಳು!” ಎಂದರು ಇಟ್ಟ ಮೇಲೆ. “ಅದೂ ಎಷ್ಟು ಜೋರಾಗಿ! ಇಂಥ ಏರಿಕೆ ಈ ತಿಂಗಳಲ್ಲೇ ನೋಡಿಲ್ಲ. ಹನ್ನೊಂದು ದಾಟಿದ್ಲು ಅಂದ್ರೆ ಮನೆಗೆ ಬಂದಂಗೆ.”

“ದಾಟದೇ ಇದ್ರೆ?”

“ಕೆಳಗೆ ನಾಲ್ಕಿದೆಯಲ್ಲ, ಭದ್ರವಾದ ತಳ. ನಾಲ್ಕಕ್ಕಿಂತ ಕಮ್ಮಿ ಅವಳು ಒಂದು ದಿನವೂ ಮಾತಾಡಿಲ್ಲ. ತಳ ಒಡೆದ್ರೆ ಮಾತ್ರ...” ಎಂದು ನಿಲ್ಲಿಸಿ ಸ್ಕೇಲು ಒರೆಸಿದರು. ತಳ ಒಡೆದರೆ ಏನೆಂದು ಅವರ ಪತ್ರ ಓದುವ ಎಲ್ಲರಿಗೂ ಗೊತ್ತು. ನಷ್ಟ ಒಪ್ಪಿಕೊಳ್ಳಬೇಕು. ಹೊರಗೆ ಬರಬೇಕು. ಮತ್ತೆ ತಿರುಗಿ ನೋಡಬಾರದು. ಇಷ್ಟು ವರ್ಷಗಳಲ್ಲಿ ಮಾವ ಈ ಒಂದು ಮಾತನ್ನು ಯಾರಿಗೂ ಸಡಿಲಿಸಿದವರಲ್ಲ.

ಆ ಹಾಳೆಯ ಹಿಂದೆ ಅವರು ಏನೂ ಬರೆದಿರಲಿಲ್ಲ. ಹೆಂಡತಿಯ ಹೆಸರು ಬರೆಯಲು ನಾಚಿಕೆಯಾಗಿರಬೇಕು.

ಬುಧವಾರ ಸಂಜೆ ಅವರಿಗೆ ಆ ಹಾಳೆಯ ಆಕಾರವನ್ನು ದೂರದಿಂದ ನೋಡಬೇಕೆನ್ನಿಸಿತು. ಡ್ರಾಯರಿನಿಂದ ತೆಗೆದು ಹಗ್ಗಕ್ಕೆ ಸಿಕ್ಕಿಸಿದರು, ಆಚೆ ಮೂಲೆಗೆ ಹೋಗಿ ನೋಡಿದರು, ತಲೆದೂಗಿದರು, ಅಲ್ಲೇ ಮರೆತರು. ಯಾವಾಗಲೋ ತಾಮ್ರದ ಹಾಳೆ ಮುರುಕಲು ಕ್ಲಿಪ್ಪಿನಿಂದ ಕಳಚಿಕೊಂಡು ಸೋಫಾದ ಹಿಂದಕ್ಕೆ ಜಾರಿತು. ಇದು ನಮಗೆ ಆಮೇಲೆ ಗೊತ್ತಾದದ್ದು.

ಗುರುವಾರ ಬೆಳಿಗ್ಗೆ ಮಾವ ಕನ್ನಡಕ ತೆಗೆದಿಟ್ಟು ಮೂಲೆಯಲ್ಲಿ ನಿಂತರು. ಸೂಚ್ಯಂಕ ಆಯಿತು, ಚಿನ್ನ, ಬೆಳ್ಳಿ ಆಯಿತು, ತೈಲ ಆಯಿತು.

“ಮುಂದಿನದು?”

ನಾನು ಹಾಳೆ ತಿರುಗಿಸಿ ನೋಡಿದೆ. ಹಿಂದೆ ಖಾಲಿ. “ತಾಮ್ರ,” ಎಂದೆ.

ಮಾವ ಕಣ್ಣು ಕಿರಿದು ಮಾಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ, ಅಡುಗೆ ಮಾಡುವವರು ಮುಚ್ಚಳ ತೆಗೆದಾಗ ಬರುವಂಥ ಒಂದು ಕಳೆ ಬಂತು.

“ಎಷ್ಟು ಚಂದ ಇದೆ ನೋಡಮ್ಮಾ ತಾಮ್ರ! ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಿದ್ದಿದೆ, ಎದ್ದಿದೆ, ಮತ್ತೆ ಬಿದ್ದಿದೆ, ಆದ್ರೆ ತಳ ಬಿಟ್ಟುಕೊಟ್ಟಿಲ್ಲ. ಸ್ವಾಭಿಮಾನ ಇರೋ ಸರಕು. ತಳ ಎಷ್ಟು?”

“ನಾಲ್ಕು.”

“ಮೇಲೆ?”

“ಹನ್ನೊಂದು.”

ತಾಮ್ರ ಆಗ ಎಂಟುನೂರರ ಆಸುಪಾಸಿನಲ್ಲಿತ್ತು. ಈ ವ್ಯಾಪಾರದವರು ಬೆಲೆಯ ತಲೆಯನ್ನು ನುಂಗಿ ಬಾಲವನ್ನಷ್ಟೇ ಹೇಳುತ್ತಾರೆ. ಎಂಟುನೂರ ನಾಲ್ಕು ಎನ್ನಲು ನಾಲ್ಕು ಎಂದರೆ ಮುಗಿಯಿತು. ಹಾಗಾಗಿ ನನಗೆ ಏನೂ ಅನ್ನಿಸಲಿಲ್ಲ. ಮಾವ ಹೇಳಿದರು, ನಾನು ಟೈಪ್ ಮಾಡಿದೆ: ‘ತಾಮ್ರ. ನಾಲ್ಕರಲ್ಲಿ ಭದ್ರವಾದ ತಳ. ಕಳೆದ ಏರಿಕೆಯಲ್ಲಿ ಅಪಾರ ಉತ್ಸಾಹ ಕಂಡುಬಂದಿದೆ. ನಾಡಿದ್ದರೊಳಗೆ ಹನ್ನೊಂದು ದಾಟುವುದು ಖಚಿತ. ದಾಟಿದ ಮೇಲೆ ತಡೆಯುವವರಿಲ್ಲ. ಈಗಿನ ಬೆಲೆಗೇ ಕೊಳ್ಳಿ. ನಾಲ್ಕಕ್ಕಿಂತ ಕೆಳಗಿಳಿದರೆ ನಿರ್ದಾಕ್ಷಿಣ್ಯವಾಗಿ ಹೊರಬನ್ನಿ.’

ಖಚಿತ ಎಂಬ ಪದವನ್ನು ಅವರು ಅದಕ್ಕೆ ಮುಂಚೆ ಬಳಸಿದ್ದು ನನಗೆ ನೆನಪಿಲ್ಲ. ಫೋಟೊ ಸೇರಿಸಿ ಕಳುಹಿಸಿದೆ.

ಮೊದಲ ಫೋನ್ ತಂತಿ ಸಾಹುಕಾರರದು. ಅವರದು ವಿದ್ಯುತ್ ತಂತಿ ಮಾಡುವ ಕಾರ್ಖಾನೆ. ತಾಮ್ರವೆಂದರೆ ಅವರಿಗೆ ಉಸಿರು.

“ಮೇಷ್ಟ್ರು ಖಚಿತ ಅಂದ್ರಾ? ನಮ್ಮ ಮೇಷ್ಟ್ರಾ? ಬಿಡು, ಕೊಂಡೇಬಿಡ್ತೀನಿ.”

ಮಧ್ಯಾಹ್ನ ಊಟಕ್ಕೆ ಬ್ರೆಡ್ಡು ತಿಂದು ಮಾವ ಒರಗಿದ್ದರು. ಅತ್ತೆ ಹೋದ ಮೇಲೆ ನಾವು ಬ್ರೆಡ್ಡಿನ ಮೇಲೇ ಇದ್ದೆವು. ಆಗ ಫೋನ್ ಬಂತು.

“ಏನಮ್ಮಾ,” ಎಂದರು ಅತ್ತೆ. “ನನ್ನನ್ನ ಈಗಿನ ಬೆಲೆಗೇ ಕೊಳ್ಳಿ ಅಂತ ಊರಿಗೆಲ್ಲ ಹೇಳಿದ್ದಾರಂತೆ ನಿನ್ನ ಮಾವ?”

ನನಗೆ ಅರ್ಥವಾಗಲಿಲ್ಲ.

“ಇಲ್ಲಿ ನನ್ನ ತಮ್ಮನೂ ಚಂದಾದಾರ ಅಲ್ವಾ, ಅವನ ಫೋನಲ್ಲಿ ನೋಡಿದೆ. ತಾಮ್ರ ಅಂತೆ, ತಾಮ್ರ! ಆ ಚಿತ್ರ ಸ್ವಲ್ಪ ನೋಡು. ಅಡಿಯಲ್ಲಿ ಶುಕ್ರವಾರ ಆದ್ಮೇಲೆ ಏನಿದೆ?”

ನಾನು ಹಗ್ಗದ ಹತ್ತಿರ ಹೋಗಿ ನೋಡಿದೆ. ಶು. ಅದರ ಪಕ್ಕ ಶ. ಅದರ ಪಕ್ಕ ಭಾ.

“ಭಾನುವಾರ ಯಾವ ಊರಲ್ಲಮ್ಮಾ ತಾಮ್ರದ ವ್ಯಾಪಾರ ನಡೆಯುತ್ತೆ? ಇಷ್ಟು ವರ್ಷ ಆ ಮನುಷ್ಯನ ಜೊತೆ ಇದ್ದೀನಿ, ಮಾರುಕಟ್ಟೆಗೆ ಭಾನುವಾರ ರಜಾ ಅಂತ ಗೊತ್ತಿಲ್ವಾ ನಂಗೆ? ಆ ಭಾನುವಾರ ನಾನು ಕ್ಲಿಪ್ಪಿಗೆ ಬೈದಿದ್ದು. ಎಲ್ಲಕ್ಕಿಂತ ಉದ್ದ ಕಡ್ಡಿ ಅದೇ. ನಾನು ಬೈಯೋದನ್ನ ಗ್ರಾಫ್ ಹಾಕಿದ್ದಾರೆ!”

ಹಿಂದಿನಿಂದ ಹಲ್ಲಿನ ಡಾಕ್ಟರ ದನಿ ಕೇಳಿಸಿತು. “ಅಕ್ಕಾ, ಭಾವನ್ನ ಕೇಳು, ನಾನು ಎರಡು ಲಾಟ್ ತಾಮ್ರ ತಗೊಂಡಿದ್ದೀನಿ. ಇಟ್ಕೊಳ್ಲಾ, ಬಿಡ್ಲಾ?”

“ನೀನು ಸುಮ್ನಿರೋ!” ಎಂದರು ಅತ್ತೆ. ಮತ್ತೆ ನನಗೆ, “ನಾಲ್ಕಕ್ಕಿಂತ ಕೆಳಗೆ ಇಳಿದ್ರೆ ನಿರ್ದಾಕ್ಷಿಣ್ಯವಾಗಿ ಬಿಟ್ಟುಬಿಡ್ಬೇಕಂತೆ. ಹೌದಾ? ನೋಡೇಬಿಡ್ತೀನಿ. ಅವರಿಗೆ ಏನೂ ಹೇಳ್ಬೇಡ.”

ನಾನು ಹೇಳಲಿಲ್ಲ. ಹೇಳದೇ ಇರುವುದು ನನಗೆ ಸುಲಭ.

ಮಧ್ಯಾಹ್ನದ ಮೇಲೆ ನಿಜವಾದ ತಾಮ್ರ ಏರತೊಡಗಿತು. ಯಾಕೆ ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಎಂಟುನೂರ ಆರು, ಎಂಟು, ಹತ್ತು. ಹನ್ನೊಂದು ಮುಟ್ಟಿ, ದಾಟಿ, ಹೋಯಿತು. ತಂತಿ ಸಾಹುಕಾರರು ಫೋನ್ ಮಾಡಿ ಕಾರ್ಖಾನೆಯ ಸದ್ದನ್ನೂ ಮೀರಿಸಿ ಕೂಗಿದರು. “ಮೇಷ್ಟ್ರೇ! ಎಲ್ಲಿದೆ ನಿಮ್ಮ ಪಾದ?”

“ನಂಗೆ ಬೆಳಿಗ್ಗೆಯೇ ಗೊತ್ತಿತ್ತು ಸಾಹುಕಾರ್ರೇ. ಆ ಆಕಾರ ನೋಡಿದ ಕೂಡ್ಲೇ ಎದೆ ಝಲ್ ಅಂತು,” ಎಂದರು ಮಾವ. ಆಮೇಲೆ ತುಂಬಾ ಹೊತ್ತು ಶಿಳ್ಳೆ ಹಾಕಿಕೊಂಡು ಓಡಾಡಿದರು.

ಸಂಜೆ ಫೋನ್ ರಿಂಗಾಯಿತು. ಈ ಸಲ ಅತ್ತೆ ನನ್ನ ಹತ್ತಿರ ಮಾತಾಡಲಿಲ್ಲ. “ಅವರಿಗೆ ಕೊಡು,” ಎಂದರು. ಮಾವ ಗಡಿಯಾರ ನೋಡಿಕೊಂಡು ರಿಸೀವರ್ ತೆಗೆದುಕೊಂಡರು. ಆವತ್ತಿನ ಗೆಲುವಿಗೆ ಅವರ ದನಿಯಲ್ಲಿ ಗತ್ತು ಬಂದಿತ್ತು.

“ಹಾಂ, ಹೇಳು.”

“ಏನಿಲ್ಲ,” ಎಂದರು ಅತ್ತೆ. ಆ ಕಡೆ ಫೋನ್ ಇಟ್ಟ ಸದ್ದು ನನಗೂ ಕೇಳಿಸಿತು.

ಮಾವ ರಿಸೀವರನ್ನು ಅಲ್ಲಾಡಿಸಿದರು. ಊದಿದರು. ಕಿವಿಗಿಟ್ಟು ಮತ್ತೆ ಕೇಳಿದರು. ಆಮೇಲೆ ಗಡಿಯಾರ ನೋಡಿದರು. ಮುಳ್ಳು ಇದ್ದಲ್ಲೇ ಇತ್ತು.

“ತಳ ಒಡೀತು,” ಎಂದರು.

ಡ್ರಾಯರ್ ಎಳೆದರು. ಹಾಳೆ ಅಲ್ಲಿರಲಿಲ್ಲ. ಮೇಲಿನ ಡ್ರಾಯರ್ ನೋಡಿದರು, ಕೆಳಗಿನದನ್ನು ನೋಡಿದರು, ಕೊನೆಗೆ ಕನ್ನಡಕ ಹಾಕಿಕೊಂಡು ಹಗ್ಗದ ಹತ್ತಿರ ಬಂದರು. ಒಂದೊಂದೇ ಹಾಳೆ ನೋಡುತ್ತ ಬಂದವರು ತಾಮ್ರದ ಮುಂದೆ ನಿಂತುಬಿಟ್ಟರು. ಭಾ ಎಂಬ ಅಕ್ಷರದ ಮೇಲೆ ಬೆರಳಿಟ್ಟರು.

“ಇದು ತಾಮ್ರ ಅಲ್ಲ,” ಎಂದರು.

“ಅಲ್ಲ,” ಎಂದೆ.

“ಕಳಿಸಿದ್ವಾ?”

“ಕಳಿಸಿದ್ವಿ.”

“ಅವಳು ನೋಡಿದ್ಲಾ?”

“ನೋಡಿದ್ರು. ನನ್ನನ್ನ ಕೊಳ್ಳಿ ಅಂತ ಊರಿಗೆಲ್ಲ ಹೇಳಿದ್ದಾರಂತೆ ಅಂದ್ರು.”

ಮಾವ ಸೋಫಾದ ಮೇಲೆ ಕುಸಿದು ಕುಳಿತರು. ಸೋಫಾ ಹಿಂದಕ್ಕೆ ಸರಿದು, ಅದರ ಹಿಂದೆ ಏನೋ ಸರಬರ ಎಂದಿತು. ನಾನು ಬಗ್ಗಿ ತೆಗೆದೆ. ಧೂಳು ಹಿಡಿದ ತಾಮ್ರ. ಅವರು ಅದರ ಕಡೆ ನೋಡಲೂ ಇಲ್ಲ. ಇವತ್ತಿನ ಕಡ್ಡಿ ಎಳೆಯಲು ಪೆನ್ಸಿಲ್ ತೆಗೆದುಕೊಂಡರು. ಎಳೆಯಲು ಏನೂ ಇರಲಿಲ್ಲ. ಸೊನ್ನೆಯ ಮೇಲೆ ಒಂದು ಚುಕ್ಕೆ ಇಡಬೇಕು, ಅಷ್ಟೇ. ಪೆನ್ಸಿಲ್ ಹಿಡಿದುಕೊಂಡೇ ಕುಳಿತರು.

“ನಿಯಮ ಏನಮ್ಮಾ?” ಎಂದು ಕೇಳಿದರು, ನನಗೆ ಗೊತ್ತಿಲ್ಲವೇನೋ ಎಂಬಂತೆ.

“ತಳ ಒಡೆದ್ರೆ ಹೊರಗೆ ಬರ್ಬೇಕು. ತಿರುಗಿ ನೋಡ್ಬಾರ್ದು.”

“ನಿರ್ದಾಕ್ಷಿಣ್ಯವಾಗಿ.”

“ಹೌದು.”

“ನಾನೇ ಹೇಳಿದ್ದಲ್ವಾ.”

“ಇವತ್ತು ಬೆಳಿಗ್ಗೆಯೂ ಹೇಳಿದ್ರಿ.”

ಅವರು ಪೆನ್ಸಿಲ್ ಕೆಳಗಿಟ್ಟರು. ಚುಕ್ಕೆ ಇಡಲಿಲ್ಲ. ಆಮೇಲೆ ಪಕ್ಕದ ಮನೆಯವರ ಬಗ್ಗೆ ಕೇಳುವಂತೆ ಕೇಳಿದರು: “ಯಾಕಮ್ಮಾ ಹೋದ್ಲು ಅವಳು?”

ಈ ಕೋಣೆಯಲ್ಲಿ ಯಾಕೆ ಎಂಬ ಪ್ರಶ್ನೆಯನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ. ಹೇಳಬಹುದಿತ್ತು. ಹೇಳುವ ಬದಲು ಫೋನನ್ನು ಅವರ ಕಡೆ ಸರಿಸಿದೆ.

“ನಾವು ಫೋನ್ ಮಾಡೋದಾ?” ಎಂದರು ಗಾಬರಿಯಿಂದ. “ಮಾರುಕಟ್ಟೆಗೆ ನಾವಾಗಿ ಫೋನ್ ಮಾಡಿ ಯಾಕೆ ಬಿದ್ದೆ ಅಂತ ಕೇಳೋದಾ?”

“ಅತ್ತೆಗೆ, ಮಾವ.”

ನಂಬರ್ ಒತ್ತಲು ಬಹಳ ಕಷ್ಟಪಟ್ಟರು. ಎರಡು ಸಲ ತಪ್ಪಾಗಿ ಯಾವುದೋ ಚಪ್ಪಲಿ ಅಂಗಡಿಗೆ ಹೋಯಿತು. ಮೂರನೆಯ ಸಲ ಹಲ್ಲಿನ ಡಾಕ್ಟರು ಎತ್ತಿದರು.

“ಭಾವ! ಏನ್ ತಾಮ್ರ ಭಾವ! ನಾಳೆ ಏನ್ಮಾಡ್ಲಿ ಹೇಳಿ.”

“ನಾಳೆ ಹಾಳಾಗ್ಲಿ. ನಿನ್ನ ಅಕ್ಕನ್ನ ಕರಿ.”

ಅತ್ತೆ ಬಂದರು. ಮಾವ ಅಭ್ಯಾಸಬಲದಿಂದ ಗಡಿಯಾರದ ಕಡೆ ನೋಡಿ, ಆಮೇಲೆ ಕುರ್ಚಿ ತಿರುಗಿಸಿ ಅದಕ್ಕೆ ಬೆನ್ನು ಹಾಕಿ ಕುಳಿತರು. ರಿಸೀವರಿನಿಂದ ಅತ್ತೆಯ ದನಿ ಎಂದಿನಂತೆ ಕೋಣೆಗೆಲ್ಲ ಕೇಳಿಸುತ್ತಿತ್ತು.

“ಯಾಕೆ ಹೋದೆ?” ಎಂದು ಕೇಳಿದರು.

ರಿಸೀವರನ್ನು ಕಿವಿಗೆ ಒತ್ತಿಕೊಂಡರು.

“ಹಲೋ? ಇದ್ದೀಯಾ?”

“ಇದ್ದೀನಿ. ನೀವೇನಾ ಮಾತಾಡ್ತಿರೋದು ಅಂತ ನೋಡ್ತಿದ್ದೆ.”

“ನಾನೇ.”

“ಮುಂದಿನ ತಿಂಗಳು ಸಮುದ್ರಕ್ಕೆ ಹೋಗೋಣ ಅಂದೆ. ನಿಮ್ಮ ಹತ್ರ ಅಭಿಪ್ರಾಯ ಇಲ್ಲ ಅಂದ್ರಿ. ಅದಕ್ಕೆ ಹೋದೆ.”

“ಅಷ್ಟೇನಾ?”

“ಅಷ್ಟೇ ಅಂತೆ! ನಾಡಿದ್ದಿನಾಚೆಗೆ ಏನೂ ಇಲ್ಲ ಅಂತ ಕೂತಿರೋ ಮನೆಯಲ್ಲಿ ನಾನೊಬ್ಳು ಏನಂತ ಕ್ಯಾಲೆಂಡರ್ ತೂಗುಹಾಕ್ಲಿ? ಅವನು ಇದ್ದಾಗ ನೀವು ಹೀಗಿರ್ಲಿಲ್ಲ. ಬರ್ತೀರೋ ಇಲ್ವೋ ಹೇಳಿ.”

ಮಾವನ ಬಾಯಿ ತೆರೆಯಿತು. “ನಾಡಿ...”

“ನಾಡಿದ್ದು ಅಂದ್ರೆ ಫೋನ್ ಇಡ್ತೀನಿ. ಮತ್ತೆ ಮಾಡಲ್ಲ.”

ಮಾವ ಹಗ್ಗದ ಮೇಲಿದ್ದ ಹಾಳೆಗಳನ್ನೆಲ್ಲ ಒಮ್ಮೆ ನೋಡಿದರು. ಚಿನ್ನ, ಬೆಳ್ಳಿ, ತೈಲ, ಹತ್ತಿ. ಯಾವುದೂ ನೆರವಿಗೆ ಬರಲಿಲ್ಲ.

“ಬರ್ತೀನಿ,” ಎಂದರು.

“ಯಾವಾಗ?”

“ಮುಂದಿನ ತಿಂಗಳು.”

“ಮುಂದಿನ ತಿಂಗಳು ಯಾವಾಗ?”

“ಕೊನೇ ವಾರ.” ಹಣೆ ಒರೆಸಿಕೊಂಡರು. “ಇನ್ನೂ ಮುಂದಕ್ಕೆ ಕೇಳ್ಬೇಡ ಮಾರಾಯ್ತಿ, ಉಸಿರು ಕಟ್ತಿದೆ.”

ಅತ್ತೆ ನಕ್ಕರು. ನಗು ನಿಂತ ಮೇಲೆ ಕ್ಲಿಪ್ಪಿನ ಮಾತು ಶುರುವಾಯಿತು, ಆಮೇಲೆ ತಾಮ್ರದ್ದು, ಹೆಂಡತಿಯನ್ನು ಊರಿಗೆಲ್ಲ ಮಾರಾಟಕ್ಕಿಟ್ಟದ್ದು, ಬ್ರೆಡ್ಡು ತಿಂದು ಹೊಟ್ಟೆ ಕೆಡಿಸಿಕೊಂಡದ್ದು. ಮಾವ ಹೂಂಗುಡುತ್ತಿದ್ದರು. ಎಷ್ಟು ಹೊತ್ತು ಮಾತಾಡಿದರೋ ಗೊತ್ತಿಲ್ಲ. ಗಡಿಯಾರ ನೋಡುವವರೇ ಅದಕ್ಕೆ ಬೆನ್ನು ಹಾಕಿದ್ದರು. ಕೊನೆಗೆ ಅತ್ತೆ ನನ್ನನ್ನು ಕರೆದರು.

“ಮೂರು ಟಿಕೆಟ್ ಮಾಡಿಸ್ತೀನಿ. ನೀನೂ ಬರ್ತೀಯ ತಾನೆ?”

“ನಾಡಿದ್ದು ಹೇಳ್ತೀನಿ, ಅತ್ತೆ.”

“ಇನ್ನೊಂದು ಇದು!” ಎಂದರು ಅತ್ತೆ. “ಮಾಡಿಸ್ತೀನಿ. ಕಿಟಕಿ ಪಕ್ಕ ನಿಂಗೆ.”

ಶುಕ್ರವಾರ ಬೆಳಿಗ್ಗೆ ಮಾವ ಮೊದಲು ಒಂದು ತಿದ್ದುಪಡಿ ಹೇಳಿದರು. ‘ನಿನ್ನೆ ಕಳುಹಿಸಿದ ತಾಮ್ರದ ಚಿತ್ರ ತಾಮ್ರದ್ದಲ್ಲ. ವಿಷಾದಿಸುತ್ತೇವೆ.’ ಕಳುಹಿಸುವುದಕ್ಕೆ ಮೊದಲು ತಂತಿ ಸಾಹುಕಾರರಿಗೆ ಅವರೇ ಫೋನ್ ಮಾಡಿ ತಿಳಿಸಿದರು.

“ತಾಮ್ರ ಅಲ್ವಾ? ಮತ್ತೆ ಯಾವುದು ಮೇಷ್ಟ್ರೇ ಅದು?” ಎಂದರು ಸಾಹುಕಾರರು. “ಯಾವುದಾದ್ರೂ ಸರಿ, ಆ ಸರಕಿನ ಚಿತ್ರಾನೇ ದಿನಾ ಕಳಿಸಿ. ನಮ್ಮ ತಾಮ್ರಕ್ಕಿಂತ ಅದೇ ವಾಸಿ.”

“ಅದು ಮಾರಾಟಕ್ಕಿಲ್ಲ ಸಾಹುಕಾರ್ರೇ,” ಎಂದು ಮಾವ ಗಂಭೀರವಾಗಿ ಹೇಳಿ ಇಟ್ಟರು.

ಸೂಚ್ಯಂಕ, ಚಿನ್ನ, ಬೆಳ್ಳಿ, ತೈಲ, ಧೂಳು ಒರೆಸಿದ ತಾಮ್ರ, ಹತ್ತಿ. ಪತ್ರ ಮುಗಿಯಿತು ಎಂದು ನಾನು ಕೈ ತೆಗೆದೆ.

“ಇನ್ನೊಂದು ಪ್ಯಾರಾ ಇದೆ,” ಎಂದರು ಮಾವ. “ಹಳೇ ತಲೆಬರಹ ಹಾಕು. ದೂರದ ನೋಟ.”

ಆ ಎರಡು ಪದಗಳನ್ನು ನಾನು ಟೈಪ್ ಮಾಡಿ ಬಹಳ ಕಾಲವಾಗಿತ್ತು. ಹಾಕಿದೆ. ಮಾವ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಬರ್ಕೋ. ಮುಂದಿನ ತಿಂಗಳ ಕೊನೆಯ ವಾರ ಈ ಪತ್ರ ಇರುವುದಿಲ್ಲ. ಕಚೇರಿಯ ಎಲ್ಲರೂ ಸಮುದ್ರಕ್ಕೆ ಹೋಗಿರುತ್ತಾರೆ.”

“ಎಲ್ಲರೂ ಅಂತ ಹಾಕ್ಲಾ?”

“ನಾವಿರೋದೇ ಇಬ್ರು. ಎಲ್ಲರೂ ಅಂತಾನೇ ಹಾಕು.”

ಹಾಕಿದೆ. ಕಳುಹಿಸಿದೆ.

ಅತ್ತೆ ಊಟದ ಹೊತ್ತಿಗೆ ಬಂದರು. ಚೀಲವನ್ನು ಒಳಗಿಡುವ ಮೊದಲೇ ಕ್ಲಿಪ್ಪುಗಳ ಪೊಟ್ಟಣ ಬಿಚ್ಚಿ, ಅರ್ಧವನ್ನು ತಮ್ಮ ಬಟ್ಟೆಗೆಂದು ಎತ್ತಿಟ್ಟು, ಉಳಿದರ್ಧವನ್ನು ಮಾವನ ಮುಂದೆ ಸುರಿದರು. ಆಮೇಲೆ ಹಗ್ಗದ ಹತ್ತಿರ ಹೋಗಿ ತಮ್ಮ ಹಾಳೆಯನ್ನು ಕಂಡುಹಿಡಿದು, ಕತ್ತು ಆ ಕಡೆ ಈ ಕಡೆ ವಾಲಿಸಿ ನೋಡಿದರು.

“ಬುಧವಾರ ಇಷ್ಟು ಕಮ್ಮಿ ಮಾತಾಡಿದ್ನಾ ನಾನು?”

“ಅವತ್ತು ಹಲ್ಲು ನೋಯ್ತಿದೆ ಅಂದಿದ್ದೆ ನೀನು,” ಎಂದರು ಮಾವ.

“ಕಾರಣ ನೆನಪಿದೆ!” ಎಂದು ಅತ್ತೆ ನನ್ನ ಕಡೆ ತಿರುಗಿ ಕಣ್ಣರಳಿಸಿದರು. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಹಾಳೆಯನ್ನು ತಿರುಗಿಸಿ, ಖಾಲಿ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ‘ತಾಮ್ರ ಅಲ್ಲ’ ಎಂದು ಬರೆದು, ಒಂದು ಒಳ್ಳೆಯ ಕ್ಲಿಪ್ಪು ಹಾಕಿ, ಅಡುಗೆಮನೆಗೆ ಹೋದರು.